ಮೈಕ್ರೋಬಿಟ್‌ನಲ್ಲಿ ವೈರ್‌ಲೆಸ್ ಬಾಗಿಲು ಅಲಾರಂ ಮಾಡುವ ಬಗೆ

ಅಲಾರಂ ಕೂಗುತ್ತಿಲ್ಲ ಅಂದರೆ ಎರಡು ಅರ್ಥ ಇರಬಹುದು. ಒಂದು, ಬಾಗಿಲು ಹಾಕಿದೆ, ಎಲ್ಲ ಸರಿ ಇದೆ. ಇನ್ನೊಂದು, ಅಲಾರಂನ ಸೆಲ್ ಖಾಲಿಯಾಗಿ ನಾಲ್ಕು ದಿನ ಆಗಿದೆ, ಯಾರೂ ನೋಡಿಲ್ಲ. ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಮಾಡುವ ಅಲಾರಂಗಳಿಗೆ ಈ ಎರಡರ ವ್ಯತ್ಯಾಸ ಗೊತ್ತಾಗುವುದಿಲ್ಲ. ಮೇಜಿನ ಮೇಲೆ ಚೆನ್ನಾಗಿ ಕೂಗುತ್ತವೆ, ಅಷ್ಟೇ. ನಾವಿಲ್ಲಿ ಮಾಡುವುದು ಅದಕ್ಕಿಂತ ಒಂದು ಹೆಜ್ಜೆ ಮುಂದಿನದು. ಬಾಗಿಲು ತೆರೆದರೂ ಕೂಗಬೇಕು, ವೈರು ಕತ್ತರಿಸಿದರೂ ಕೂಗಬೇಕು, ಸೆಲ್ ಸತ್ತರೂ ಹೇಳಬೇಕು. ಇಷ್ಟಕ್ಕೆ ಬೆಸುಗೆ ಹಾಕುವ ಕೆಲಸವಿಲ್ಲ. ಕೋಡ್ ಟೈಪ್ ಮಾಡುವ ಕೆಲಸವೂ ಇಲ್ಲ.

ಉದಾಹರಣೆಗೆ ಒಂದು ಅಡಿಕೆ ಉಗ್ರಾಣ ಇಟ್ಟುಕೊಳ್ಳೋಣ. ಮನೆಯಿಂದ ಮೂವತ್ತು ಮೀಟರ್ ದೂರ, ಮರದ ಬಾಗಿಲು, ಒಳಗೆ ಒಣಗಿಸಿ ಕಟ್ಟಿಟ್ಟ ಮೂಟೆಗಳು. ಬಾಗಿಲ ಹತ್ತಿರ ಒಂದು ಮೈಕ್ರೋಬಿಟ್, ಅಂದರೆ ಪ್ರೋಗ್ರಾಂ ಹಾಕಬಹುದಾದ ಪುಟ್ಟ ಕಂಪ್ಯೂಟರ್ ಬೋರ್ಡ್. ಮಲಗುವ ಕೋಣೆಯಲ್ಲಿ ಇನ್ನೊಂದು. ನಿಮ್ಮದು ಅಂಗಡಿಯ ಶಟರ್ ಆಗಿರಬಹುದು, ಪಂಪ್‌ಹೌಸ್ ಆಗಿರಬಹುದು, ಕಾಂಪೌಂಡ್ ಗೇಟ್ ಆಗಿರಬಹುದು. ವಿಧಾನ ಒಂದೇ.

ಮೈಕ್ರೋಬಿಟ್ ಯಾಕೆ

ಬಿಬಿಸಿ ಮೈಕ್ರೋಬಿಟ್ ಹುಟ್ಟಿದ್ದು ಬ್ರಿಟನ್ನಿನ ಶಾಲಾ ಮಕ್ಕಳಿಗಾಗಿ. 2016ರಲ್ಲಿ ಅಲ್ಲಿನ ಹನ್ನೊಂದು ಹನ್ನೆರಡು ವರ್ಷದ ಮಕ್ಕಳಿಗೆ ಸುಮಾರು 10 ಲಕ್ಷ ಬೋರ್ಡ್‌ಗಳನ್ನು ಪುಕ್ಕಟೆ ಹಂಚಿದರು. ಬೆಂಕಿಪೊಟ್ಟಣಕ್ಕಿಂತ ಕೊಂಚ ದೊಡ್ಡದು, 4 ಸೆಂಟಿಮೀಟರ್ ಅಗಲ, 5 ಸೆಂಟಿಮೀಟರ್ ಉದ್ದ. ಮುಂದೆ 25 ಕೆಂಪು ಎಲ್‌ಇಡಿಗಳು, ಎ ಮತ್ತು ಬಿ ಎಂಬ ಎರಡು ಬಟನ್. ನಮಗೆ ಮುಖ್ಯವಾದದ್ದು ಒಳಗಿರುವ 2.4 ಗಿಗಾಹರ್ಟ್ಸ್ ರೇಡಿಯೋ. ಒಂದು ಬೋರ್ಡ್ ಇನ್ನೊಂದರ ಜೊತೆ ನೇರವಾಗಿ ಮಾತಾಡುತ್ತದೆ. ನಡುವೆ ವೈಫೈ ಬೇಡ, ಸಿಮ್ ಬೇಡ, ಇಂಟರ್ನೆಟ್ ಬೇಡ. ಮಳೆಗಾಲದಲ್ಲಿ ಕರೆಂಟ್ ಹೋದಾಗ ರೂಟರ್ ಕೂಡ ಸತ್ತಿರುತ್ತದೆ, ಅಲ್ವಾ? ವೈಫೈ ನಂಬಿದ ಅಲಾರಂ ಆಗಲೇ ಕೈಕೊಡುತ್ತದೆ. ಇದಕ್ಕೆ ಆ ಚಿಂತೆ ಇಲ್ಲ. ಈ 2.4 ಗಿಗಾಹರ್ಟ್ಸ್ ಬ್ಯಾಂಡ್ ಬಳಸಲು ಭಾರತದಲ್ಲಿ ಲೈಸೆನ್ಸ್ ಕೂಡ ಬೇಕಿಲ್ಲ.

ಆರ್ಡುಇನೊ ಎಂಬ ಇನ್ನೊಂದು ಬಗೆಯ ಬೋರ್ಡ್‌ನಲ್ಲೂ ಇದನ್ನು ಮಾಡಬಹುದು. ಆದರೆ ಸಾಮಾನ್ಯ ಆರ್ಡುಇನೊ ಊನೊಗೆ ರೇಡಿಯೋ ಮಾಡ್ಯೂಲ್ ಬೇರೆ ಕೊಳ್ಳಬೇಕು, ಏಳೆಂಟು ವೈರ್ ಸರಿಯಾಗಿ ಜೋಡಿಸಬೇಕು, ಲೈಬ್ರರಿ ಹುಡುಕಬೇಕು. ಮೊದಲ ಸಲ ಮಾಡುವವರು ಅಲ್ಲೇ ಸುಸ್ತಾಗುತ್ತಾರೆ.

ಮೈಕ್ರೋಬಿಟ್‌ನಲ್ಲಿ ಎರಡು ಆವೃತ್ತಿ ಇವೆ. 2020ರಲ್ಲಿ ಬಂದ ಎರಡನೆಯದರಲ್ಲಿ ಸ್ಪೀಕರ್ ಬೋರ್ಡ್‌ನಲ್ಲೇ ಇದೆ, ಹಳೆಯದರಲ್ಲಿ ಇಲ್ಲ. ಕೊಳ್ಳುವುದಾದರೆ ಎರಡನೆಯದನ್ನೇ ಕೊಳ್ಳಿ. ಯಾರದೋ ಬಳಿ ಹಳೆಯದು ಇದ್ದರೆ ಎಸೆಯಬೇಡಿ, ಬಾಗಿಲ ಕಡೆಗೆ ಅದು ಸಾಕು. ಹಳೆಯದೂ ಹೊಸದೂ ರೇಡಿಯೋದಲ್ಲಿ ಪರಸ್ಪರ ಮಾತಾಡುತ್ತವೆ.

ಬೇಕಾದ ಸಾಮಾನು

- ಮೈಕ್ರೋಬಿಟ್ ಬೋರ್ಡ್ 2
- ಬಾಗಿಲಿಗೆ ಹಾಕುವ ಮ್ಯಾಗ್ನೆಟಿಕ್ ಸೆನ್ಸರ್ 1. ಅಂಗಡಿಯಲ್ಲಿ ಎಂಸಿ-38 ಅಂತ ಕೇಳಿದರೆ ಕೊಡುತ್ತಾರೆ
- ಎರಡು ಸೆಲ್ ಹಿಡಿಯುವ ಬ್ಯಾಟರಿ ಹೋಲ್ಡರ್ 2, ಮೈಕ್ರೋಬಿಟ್‌ಗೆ ಕೂರುವ ಸಣ್ಣ ಬಿಳಿ ಪ್ಲಗ್ ಇರುವಂಥದ್ದು
- ಮೊಸಳೆ ಕ್ಲಿಪ್ ವೈರ್ ಎರಡು ಮೂರು
- ಸಣ್ಣ ಬೋಲ್ಟು ನಟ್ಟು ಎರಡು ಜೊತೆ
- ಡೇಟಾ ಹೋಗುವ ಯುಎಸ್‌ಬಿ ಕೇಬಲ್ 1
- ಪಿವಿಸಿ ಜಂಕ್ಷನ್ ಬಾಕ್ಸ್ ಅಥವಾ ಮುಚ್ಚಳ ಬಿಗಿಯಾದ ಪ್ಲಾಸ್ಟಿಕ್ ಡಬ್ಬಿ 1

ಬೆಂಗಳೂರಿನವರಿಗೆ ಇವೆಲ್ಲ ಎಸ್.ಪಿ. ರಸ್ತೆಯಲ್ಲಿ ಒಂದೇ ಓಡಾಟದಲ್ಲಿ ಸಿಗುತ್ತವೆ. ಉಳಿದವರು ಆನ್‌ಲೈನ್‌ನಲ್ಲಿ ತರಿಸಬಹುದು. ಕೇಬಲ್ ಬಗ್ಗೆ ಮಾತ್ರ ಎಚ್ಚರ. ಕೆಲವು ಅಗ್ಗದ ಕೇಬಲ್‌ಗಳಲ್ಲಿ ಚಾರ್ಜಿಂಗ್‌ನ ಎರಡು ತಂತಿ ಮಾತ್ರ ಇರುತ್ತವೆ. ಬೋರ್ಡ್‌ನ ದೀಪ ಹತ್ತುತ್ತದೆ, ಆದರೆ ಕಂಪ್ಯೂಟರ್‌ಗೆ ಅದು ಕಾಣುವುದೇ ಇಲ್ಲ. ಬೋರ್ಡ್ ಕೆಟ್ಟಿದೆ ಅಂದುಕೊಳ್ಳುವ ಮೊದಲು ಕೇಬಲ್ ಬದಲಿಸಿ ನೋಡಿ.

ಮೊದಲು ಎರಡು ಬೋರ್ಡ್ ಮಾತಾಡಲಿ

ಸೆನ್ಸರ್ ಸದ್ಯಕ್ಕೆ ಪಕ್ಕಕ್ಕಿಡಿ. ಬ್ರೌಸರ್‌ನಲ್ಲಿ ಮೇಕ್‌ಕೋಡ್ ತೆರೆಯಿರಿ, ಮೈಕ್ರೋಬಿಟ್‌ಗೆ ಪ್ರೋಗ್ರಾಂ ಮಾಡುವ ಜಾಲತಾಣ ಇದು. ವಿಳಾಸ: ಮೇಕ್‌ಕೋಡ್ ಡಾಟ್ ಮೈಕ್ರೋಬಿಟ್ ಡಾಟ್ ಆರ್ಗ್. ಹೊಸ ಪ್ರಾಜೆಕ್ಟ್ ಶುರು ಮಾಡಿ. ಎಡಕ್ಕೆ ಬೋರ್ಡ್‌ನ ಚಿತ್ರ, ನಡುವೆ ಬ್ಲಾಕ್‌ಗಳ ಪಟ್ಟಿ, ಬಲಕ್ಕೆ ಖಾಲಿ ಜಾಗ. ಬ್ಲಾಕ್‌ಗಳನ್ನು ಎಳೆದು ತಂದು ಒಂದಕ್ಕೊಂದು ಸಿಕ್ಕಿಸಿದರೆ ಪ್ರೋಗ್ರಾಂ ಆಯಿತು. ಪರದೆಯ ಮೇಲೆ ಬ್ಲಾಕ್‌ಗಳ ಹೆಸರು ಇಂಗ್ಲಿಷಿನಲ್ಲಿ ಇರುತ್ತವೆ. ಓದಿದರೆ ಕೇಳಿಸುವಂತೆಯೇ ಇಲ್ಲಿ ಬರೆದಿದ್ದೇನೆ.

- ‘ಆನ್ ಸ್ಟಾರ್ಟ್’ ಒಳಗೆ: ‘ರೇಡಿಯೋ ಸೆಟ್ ಗ್ರೂಪ್ 73’
- ‘ಆನ್ ಬಟನ್ ಎ ಪ್ರೆಸ್ಡ್’ ಒಳಗೆ: ‘ರೇಡಿಯೋ ಸೆಂಡ್ ನಂಬರ್ 1’
- ‘ಆನ್ ರೇಡಿಯೋ ರಿಸೀವ್ಡ್ ರಿಸೀವ್ಡ್‌ನಂಬರ್’ ಒಳಗೆ: ‘ಶೋ ಐಕಾನ್’ನಲ್ಲಿ ಹೃದಯ, ಆಮೇಲೆ ‘ಪಾಸ್ (pause) 500’, ಅಂದರೆ ಅರ್ಧ ಸೆಕೆಂಡ್ ತಡೆ, ಆಮೇಲೆ ‘ಕ್ಲಿಯರ್ ಸ್ಕ್ರೀನ್’

ಎಡಗಡೆಯ ಚಿತ್ರದಲ್ಲಿ ಎ ಬಟನ್ ಒತ್ತಿ. ಪಕ್ಕದಲ್ಲೇ ಎರಡನೆಯ ಬೋರ್ಡ್‌ನ ಚಿತ್ರ ಮೂಡಿ ಅದರಲ್ಲಿ ಹೃದಯ ಕಾಣಿಸುತ್ತದೆ. ಅಂದರೆ ಬೋರ್ಡ್ ಕೊಳ್ಳುವ ಮುಂಚೆಯೇ ಇಷ್ಟು ಮಾಡಿ ನೋಡಬಹುದು. ಬೋರ್ಡ್ ಕೈಗೆ ಬಂದ ಮೇಲೆ ಯುಎಸ್‌ಬಿಗೆ ಸಿಕ್ಕಿಸಿ. ಪೆನ್‌ಡ್ರೈವ್ ಥರ ಒಂದು ಡ್ರೈವ್ ತೆರೆದುಕೊಳ್ಳುತ್ತದೆ. ಮೇಕ್‌ಕೋಡ್‌ನ ‘ಡೌನ್‌ಲೋಡ್’ ಒತ್ತಿದಾಗ ಬರುವ ಹೆಕ್ಸ್ ಫೈಲನ್ನು ಆ ಡ್ರೈವ್‌ಗೆ ಕಾಪಿ ಮಾಡಿ. ಬೋರ್ಡ್‌ನ ಹಿಂದಿನ ದೀಪ ಮಿಣಮಿಣ ಅಂದು ನಿಂತರೆ ಮುಗಿಯಿತು. ಎರಡಕ್ಕೂ ಇದೇ ಫೈಲ್ ಹಾಕಿ, ಒಂದರಲ್ಲಿ ಒತ್ತಿ, ಇನ್ನೊಂದರಲ್ಲಿ ನೋಡಿ.

ಗ್ರೂಪ್ ನಂಬರ್ 0ಯಿಂದ 255ರವರೆಗೆ ಯಾವುದಾದರೂ ಆಗಬಹುದು. ಒಂದೇ ಗ್ರೂಪಿನ ಬೋರ್ಡ್‌ಗಳಿಗೆ ಮಾತ್ರ ಒಂದರ ಮಾತು ಒಂದಕ್ಕೆ ಕೇಳಿಸುತ್ತದೆ. ಗ್ರೂಪ್ ಹೇಳದೆ ಬಿಟ್ಟರೆ ಏನಾಗುತ್ತದೆ ಗೊತ್ತಾ? ಪ್ರೋಗ್ರಾಂ ತಾನೇ ಒಂದು ನಂಬರ್ ಹಾಕಿಕೊಳ್ಳುತ್ತದೆ. ಎರಡೂ ಬೋರ್ಡ್‌ನಲ್ಲಿ ಅದೇ ಪ್ರೋಗ್ರಾಂ ಇದ್ದರೆ ನಂಬರ್ ಕೂಡ ಒಂದೇ ಆಗುತ್ತದೆ, ಹಾಗಾಗಿ ಈ ಮೊದಲ ಪ್ರಯೋಗ ಹೇಗೂ ನಡೆಯುತ್ತದೆ. ಆದರೆ ಮುಂದೆ ನಾವು ಎರಡಕ್ಕೂ ಬೇರೆ ಬೇರೆ ಪ್ರೋಗ್ರಾಂ ಹಾಕುತ್ತೇವೆ. ಆಗ ಗ್ರೂಪ್ ಸಾಲು ಮರೆತರೆ ಎರಡೂ ಮೌನ. ‘ನಿನ್ನೆ ಸರಿ ಇತ್ತಲ್ಲ’ ಅಂತ ತಲೆ ಕೆರೆದುಕೊಳ್ಳಬೇಕಾಗುತ್ತದೆ.

ಸೆನ್ಸರ್ ಕೆಲಸ ಮಾಡುವ ರೀತಿ

ಎಂಸಿ-38 ಎಂದರೆ ಎರಡು ಬಿಳಿ ಪ್ಲಾಸ್ಟಿಕ್ ತುಂಡು. ಒಂದರೊಳಗೆ ಬರೀ ಮ್ಯಾಗ್ನೆಟ್. ವೈರ್ ಇರುವ ಇನ್ನೊಂದರೊಳಗೆ ಗಾಜಿನ ಸಣ್ಣ ನಳಿಗೆ. ಆ ನಳಿಗೆಯಲ್ಲಿ ಕೂದಲೆಳೆಯ ಅಂತರದಲ್ಲಿ ಎರಡು ತೆಳು ಲೋಹದ ನಾಲಿಗೆಗಳು. ಮ್ಯಾಗ್ನೆಟ್ ಹತ್ತಿರ ಬಂದರೆ ನಾಲಿಗೆಗಳು ಅಂಟಿಕೊಂಡು ಸರ್ಕ್ಯೂಟ್ ಕೂಡುತ್ತದೆ, ದೂರ ಹೋದರೆ ಬಿಡುತ್ತದೆ. ಕಿವಿ ಹತ್ತಿರ ಹಿಡಿದು ಮ್ಯಾಗ್ನೆಟ್ ಆಡಿಸಿದರೆ ತೀರಾ ಸಣ್ಣಗೆ ಟಿಕ್ ಅನ್ನುತ್ತದೆ. ಸೆನ್ಸರ್ ಬದುಕಿದೆಯಾ ಅಂತ ನೋಡಲು ಇಷ್ಟು ಸಾಕು, ಮೀಟರ್ ಬೇಕಿಲ್ಲ.

ಈಗ ಜೋಡಣೆ. ಸೆನ್ಸರ್‌ನ ಒಂದು ವೈರ್ ಬೋರ್ಡ್‌ನ ಕೆಳ ಅಂಚಿನಲ್ಲಿ ‘1’ ಅಂತ ಬರೆದ ದೊಡ್ಡ ತೂತಿಗೆ, ಇನ್ನೊಂದು ‘ಜಿಎನ್‌ಡಿ’ ಅಂತ ಬರೆದ ತೂತಿಗೆ. ಯಾವುದು ಯಾವುದಕ್ಕೆ ಅನ್ನುವ ಲೆಕ್ಕ ಇಲ್ಲ. ಆದರೆ ‘3ವಿ’ ತೂತಿಗೆ ಮಾತ್ರ ಹಾಕಬೇಡಿ. 3ವಿ ಮತ್ತು ಜಿಎನ್‌ಡಿ ನಡುವೆ ಸೆನ್ಸರ್ ಕೂಡಿಕೊಂಡರೆ ನೇರ ಶಾರ್ಟ್. ‘0’ ತೂತನ್ನು ಬಿಟ್ಟದ್ದಕ್ಕೂ ಕಾರಣ ಇದೆ. ಮೈಕ್ರೋಬಿಟ್ ಸಂಗೀತ ನುಡಿಸುವಾಗ ಸದ್ದನ್ನು ಆ ಪಿನ್‌ಗೂ (ಈ ತೂತುಗಳಿಗೆ ಪಿನ್ ಅಂತಲೇ ಹೆಸರು) ಕಳಿಸುತ್ತದೆ. ಅದನ್ನು ಸ್ಪೀಕರ್‌ಗೆಂದು ಮೀಸಲಿಡುವ ಅಭ್ಯಾಸ ಒಳ್ಳೆಯದು.

ಇನ್ನೊಂದು ವಿಷಯ, ಇದೇ ಮುಖ್ಯ. ಬೋರ್ಡ್‌ನೊಳಗೆ ಪುಲ್-ಅಪ್ ಎಂಬ ಸಣ್ಣ ವ್ಯವಸ್ಥೆ ಇದೆ. ಅದನ್ನು ಮುಂದೆ ಪ್ರೋಗ್ರಾಂನ ‘ಸೆಟ್ ಪುಲ್’ ಸಾಲಿನಿಂದ ಆನ್ ಮಾಡುತ್ತೇವೆ. ಏನೂ ಜೋಡಿಸದಿದ್ದರೆ ಪಿನ್ ಅನ್ನು ಅದು ಮೇಲಕ್ಕೆ ಎಳೆದಿಟ್ಟುಕೊಳ್ಳುತ್ತದೆ, ಓದಿದರೆ 1 ಬರುತ್ತದೆ. ಬಾಗಿಲು ಹಾಕಿದ್ದಾಗ ಸೆನ್ಸರ್ ಪಿನ್ ಅನ್ನು ಜಿಎನ್‌ಡಿಗೆ ಕೂಡಿಸುತ್ತದೆ, ಓದಿದರೆ 0. ಅಂದರೆ 0 ಬಂದರೆ ಬಾಗಿಲು ಹಾಕಿದೆ, 1 ಬಂದರೆ ತೆರೆದಿದೆ. ಯಾರಾದರೂ ವೈರ್ ಕತ್ತರಿಸಿದರೆ? ಆಗಲೂ 1. ಇಲಿ ಕಡಿದರೆ, ಕ್ಲಿಪ್ ಜಾರಿದರೆ, ಆಗಲೂ 1. ಯಾವ ಎಡವಟ್ಟಾದರೂ ಕೂಗುವ ಕಡೆಗೇ ಹೋಗುತ್ತದೆ. ಬಾಗಿಲು ತೆರೆದಾಗ ಸರ್ಕ್ಯೂಟ್ ಕೂಡುವಂತೆ ತಿರುಗಾ ಮುರುಗಾ ಜೋಡಿಸಿದರೂ ಅಲಾರಂ ನಡೆಯುತ್ತದೆ, ಆದರೆ ವೈರ್ ಕತ್ತರಿಸಿದವನಿಗೆ ಅದು ಏನೂ ಅನ್ನುವುದಿಲ್ಲ.

ಬಾಗಿಲ ಬೋರ್ಡ್‌ನ ಪ್ರೋಗ್ರಾಂ

ಹೊಸ ಪ್ರಾಜೆಕ್ಟ್ ತೆರೆದು ‘ಬಾಗಿಲು’ ಎಂದು ಅರ್ಥವಾಗುವಂಥ ಹೆಸರು ಕೊಡಿ. ಪಿನ್‌ಗಳ ಬ್ಲಾಕ್‌ಗಳು ‘ಅಡ್ವಾನ್ಸ್ಡ್’ ಒತ್ತಿದ ಮೇಲೆ ‘ಪಿನ್ಸ್’ ಎಂಬಲ್ಲಿ ಸಿಗುತ್ತವೆ. ‘ಸೆಟ್ ಪುಲ್’ ಬ್ಲಾಕ್ ಅದರಲ್ಲೂ ಒಳಗೆ, ‘ಮೋರ್’ನಲ್ಲಿ ಇದೆ. ಬ್ಲಾಕ್ ತಂದಾಗ ಪಿ0 ಅಂತ ಇರುತ್ತದೆ, ಪಿ1 ಆಗಿ ಬದಲಿಸಿ. ಪಿ1 ಅಂದರೆ ‘1’ ತೂತು.

‘ಆನ್ ಸ್ಟಾರ್ಟ್’
 • ರೇಡಿಯೋ ಸೆಟ್ ಗ್ರೂಪ್ 73
 • ರೇಡಿಯೋ ಸೆಟ್ ಟ್ರಾನ್ಸ್‌ಮಿಟ್ ಪವರ್ 7
 • ಸೆಟ್ ಪುಲ್ ಪಿನ್ ಪಿ1 ಟು ಅಪ್

‘ಫಾರೆವರ್’
 • ಇಫ್ ಡಿಜಿಟಲ್ ರೀಡ್ ಪಿನ್ ಪಿ1 = 1 ದೆನ್
  ◦ ಪಾಸ್ 100
  ◦ ಇಫ್ ಡಿಜಿಟಲ್ ರೀಡ್ ಪಿನ್ ಪಿ1 = 1 ದೆನ್
   ▪ ರೇಡಿಯೋ ಸೆಂಡ್ ನಂಬರ್ 731
 • ಪಾಸ್ 100

‘ಎವೆರಿ 5000 ಎಂಎಸ್’
 • ಇಫ್ ಡಿಜಿಟಲ್ ರೀಡ್ ಪಿನ್ ಪಿ1 = 0 ದೆನ್
  ◦ ರೇಡಿಯೋ ಸೆಂಡ್ ನಂಬರ್ 730

ಇಷ್ಟೇ. ‘ಎವೆರಿ’ ಬ್ಲಾಕ್ ‘ಲೂಪ್ಸ್’ ಅಡಿಯಲ್ಲಿದೆ.

ಪಿನ್ ಅನ್ನು ಎರಡು ಸಲ ಓದುವುದು ಗಾಳಿಗಾಗಿ. ಹಳೆಯ ಬಾಗಿಲು ಗಾಳಿಗೆ ಕುಲುಕಿದಾಗ ಸೆನ್ಸರ್ ಕ್ಷಣ ಮಾತ್ರ ಬಿಟ್ಟು ಕೂಡುತ್ತದೆ. ಅಷ್ಟಕ್ಕೆಲ್ಲ ಮಧ್ಯರಾತ್ರಿ ಕೂಗಬಾರದು. ಹತ್ತನೇ ಒಂದು ಸೆಕೆಂಡ್ ಬಿಟ್ಟು ನೋಡಿದಾಗಲೂ ತೆರೆದೇ ಇದ್ದರೆ ಮಾತ್ರ ನಿಜ. ನಿಮ್ಮ ಗೇಟ್ ತುಂಬಾ ಸಡಿಲವಾಗಿದ್ದರೆ 100ನ್ನು 300 ಮಾಡಿ.

731ನ್ನು ಒಂದೇ ಸಲ ಕಳಿಸಿ ಸುಮ್ಮನಾಗುವುದಿಲ್ಲ, ಬಾಗಿಲು ತೆರೆದಿರುವಷ್ಟು ಹೊತ್ತೂ ಕಳಿಸುತ್ತಲೇ ಇರುತ್ತದೆ. ಈ ರೇಡಿಯೋದಲ್ಲಿ ‘ತಲುಪಿತು’ ಅನ್ನುವ ಉತ್ತರ ವಾಪಸ್ ಬರುವುದಿಲ್ಲ. ಒಂದು ಸಂದೇಶ ಗಾಳಿಯಲ್ಲಿ ಕಳೆದುಹೋದರೆ ಹೋಯಿತು. ಮತ್ತೆ ಮತ್ತೆ ಹೇಳುವುದೇ ಅದಕ್ಕೆ ಮದ್ದು.

ಇನ್ನು 730. ರಾತ್ರಿ ಗಸ್ತಿನ ಗೂರ್ಖಾ ಕೋಲು ಕುಟ್ಟುತ್ತಾ ಹೋಗುತ್ತಾನಲ್ಲ, ಇದು ಹಾಗೆ. ಸದ್ದು ಕೇಳುತ್ತಿದ್ದರೆ ಅವನು ಎಚ್ಚರ ಇದ್ದಾನೆ ಎಂದು ಅರ್ಥ. ಬಾಗಿಲು ಹಾಕಿದ್ದಾಗಲೂ ಐದು ಸೆಕೆಂಡಿಗೊಮ್ಮೆ ‘ಇದ್ದೇನೆ’ ಅನ್ನುತ್ತದೆ ಬೋರ್ಡ್. ಮನೆಯ ಬೋರ್ಡ್‌ಗೆ ಅದು ಕೇಳದೆ ಹೋದರೆ ಏನೋ ಕೆಟ್ಟಿದೆ.

ಮನೆಯ ಬೋರ್ಡ್‌ನ ಪ್ರೋಗ್ರಾಂ

ಇಲ್ಲಿ ಮೂರು ವೇರಿಯಬಲ್ ಬೇಕು, ಅಂದರೆ ಬೋರ್ಡ್ ನೆನಪಿಟ್ಟುಕೊಳ್ಳುವ, ಹೆಸರಿಟ್ಟ ಮೂರು ಅಂಕಿ. ‘ವೇರಿಯಬಲ್ಸ್’ಗೆ ಹೋಗಿ ಮಾಡಿಕೊಳ್ಳಿ. ಲಾಸ್ಟ್: ಕೊನೆಯ ಸಂದೇಶ ಬಂದ ಹೊತ್ತು. ಅಲಾರಂ: ಕೂಗಬೇಕಾ ಬೇಡವಾ. ಗಾರ್ಡ್: ಕಾವಲು ಆನ್ ಇದೆಯಾ ಇಲ್ಲವಾ. ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲೇ ಇಡಿ, ಕಿರಿಕಿರಿ ಕಡಿಮೆ.

‘ಆನ್ ಸ್ಟಾರ್ಟ್’
 • ರೇಡಿಯೋ ಸೆಟ್ ಗ್ರೂಪ್ 73
 • ಸೆಟ್ ವಾಲ್ಯೂಮ್ 255
 • ಸೆಟ್ ಲಾಸ್ಟ್ ಟು ರನ್ನಿಂಗ್ ಟೈಮ್
 • ಸೆಟ್ ಅಲಾರಂ ಟು 0
 • ಸೆಟ್ ಗಾರ್ಡ್ ಟು 1

‘ಆನ್ ರೇಡಿಯೋ ರಿಸೀವ್ಡ್ ರಿಸೀವ್ಡ್‌ನಂಬರ್’
 • ಇಫ್ ರಿಸೀವ್ಡ್‌ನಂಬರ್ = 730 ಆರ್ ರಿಸೀವ್ಡ್‌ನಂಬರ್ = 731 ದೆನ್
  ◦ ಸೆಟ್ ಲಾಸ್ಟ್ ಟು ರನ್ನಿಂಗ್ ಟೈಮ್
 • ಇಫ್ ರಿಸೀವ್ಡ್‌ನಂಬರ್ = 731 ಆ್ಯಂಡ್ ಗಾರ್ಡ್ = 1 ದೆನ್
  ◦ ಸೆಟ್ ಅಲಾರಂ ಟು 1

‘ಆನ್ ಬಟನ್ ಎ ಪ್ರೆಸ್ಡ್’
 • ಸೆಟ್ ಅಲಾರಂ ಟು 0

‘ಆನ್ ಬಟನ್ ಬಿ ಪ್ರೆಸ್ಡ್’
 • ಸೆಟ್ ಗಾರ್ಡ್ ಟು 1 − ಗಾರ್ಡ್
 • ಸೆಟ್ ಅಲಾರಂ ಟು 0

‘ಫಾರೆವರ್’
 • ಇಫ್ ಅಲಾರಂ = 1 ದೆನ್
  ◦ ಪ್ಲೇ ಟೋನ್ 988, ಅರ್ಧ ಬೀಟ್
  ◦ ಪ್ಲೇ ಟೋನ್ 523, ಅರ್ಧ ಬೀಟ್
  ◦ ಶೋ ಐಕಾನ್: ತಲೆಬುರುಡೆ
 • ಎಲ್ಸ್ ಇಫ್ ರನ್ನಿಂಗ್ ಟೈಮ್ − ಲಾಸ್ಟ್ > 20000 ದೆನ್
  ◦ ಶೋ ಐಕಾನ್: ಗುಣಿಸುವ ಗುರುತು
  ◦ ಪ್ಲೇ ಟೋನ್ 262, ಒಂದು ಬೀಟ್
  ◦ ಪಾಸ್ 3000
 • ಎಲ್ಸ್ ಇಫ್ ಗಾರ್ಡ್ = 1 ದೆನ್
  ◦ ಕ್ಲಿಯರ್ ಸ್ಕ್ರೀನ್
  ◦ ಪ್ಲಾಟ್ ಎಕ್ಸ್ 2 ವೈ 2
  ◦ ಪಾಸ್ 200
 • ಎಲ್ಸ್
  ◦ ಕ್ಲಿಯರ್ ಸ್ಕ್ರೀನ್
  ◦ ಪ್ಲಾಟ್ ಎಕ್ಸ್ 0 ವೈ 4
  ◦ ಪಾಸ್ 200

‘ರನ್ನಿಂಗ್ ಟೈಮ್’ ಅಂದರೆ ಬೋರ್ಡ್ ಆನ್ ಆದಾಗಿನಿಂದ ಎಷ್ಟು ಮಿಲಿಸೆಕೆಂಡ್ ಆಯಿತು ಅನ್ನುವುದು. ‘ಇನ್‌ಪುಟ್’ನ ‘ಮೋರ್’ನಲ್ಲಿ ಅಡಗಿದೆ. 20000 ಅಂದರೆ 20 ಸೆಕೆಂಡ್. ಐದು ಸೆಕೆಂಡಿಗೊಂದರಂತೆ ಬರುವ ಸಂದೇಶಗಳಲ್ಲಿ ಒಂದೆರಡು ತಪ್ಪಿದರೆ ಗಾಬರಿ ಬೇಡ. ಸಾಲಾಗಿ ಎಲ್ಲವೂ ತಪ್ಪಿದರೆ ಮಾತ್ರ ದಪ್ಪ ದನಿಯಲ್ಲಿ ಹೇಳಲಿ. ಕಳ್ಳನ ಸದ್ದೇ ಬೇರೆ, ಸೆಲ್ ಸತ್ತ ಸದ್ದೇ ಬೇರೆ ಇರಬೇಕು. ಹಾಸಿಗೆಯಿಂದ ಎದ್ದು ಕೋಲು ಹುಡುಕಬೇಕಾ, ಬೆಳಿಗ್ಗೆ ಸೆಲ್ ಬದಲಿಸಿದರೆ ಸಾಕಾ ಅನ್ನುವುದು ಕಣ್ಣು ಬಿಡುವ ಮುಂಚೆ ಗೊತ್ತಾಗಬೇಕು.

730 ಬಂದರೂ ಅಲಾರಂ ತಾನಾಗಿ ನಿಲ್ಲುವುದಿಲ್ಲ, ಗಮನಿಸಿದಿರಾ? ಅದು ಬೇಕೆಂದೇ ಮಾಡಿದ್ದು. ಒಳಗೆ ನುಗ್ಗಿದವನು ಬಾಗಿಲು ಎಳೆದುಕೊಂಡರೆ ಸದ್ದು ನಿಲ್ಲಬಾರದು. ಮನೆಯವರು ಬಂದು ಎ ಒತ್ತಬೇಕು. ಬಾಗಿಲು ಇನ್ನೂ ತೆರೆದಿದ್ದರೆ ಒತ್ತಿದರೂ ಮತ್ತೆ ಶುರು. ಹಗಲು ಮೂಟೆ ಸಾಗಿಸುವಾಗ ಬಿ ಒತ್ತಿ ಕಾವಲು ತೆಗೆಯಿರಿ. ನಡುವಿನ ಚುಕ್ಕಿ ಮೂಲೆಗೆ ಹೋಗುತ್ತದೆ. ರಾತ್ರಿ ಮತ್ತೆ ಬಿ. ಆಗ ಬಾಗಿಲು ಹಾಕುವುದು ಮರೆತಿದ್ದರೆ ತಕ್ಷಣ ಕೂಗುತ್ತದೆ. ದಿನನಿತ್ಯ ಹೆಚ್ಚು ಉಪಯೋಗಕ್ಕೆ ಬರುವುದು ಇದೇ ಇರಬಹುದು.

ಎರಡು ಬೋರ್ಡ್‌ಗೂ ಹೆಸರು ಬರೆದ ಚೀಟಿ ಅಂಟಿಸಿ. ನೋಡಲು ಎರಡೂ ಒಂದೇ ಥರ. ಅದಲುಬದಲಾದರೆ ಯಾವುದು ಯಾಕೆ ಕೆಲಸ ಮಾಡುತ್ತಿಲ್ಲ ಅಂತ ಹೊಳೆಯುವುದೇ ಇಲ್ಲ.

ಮೇಜಿನ ಮೇಲೆ ಪರೀಕ್ಷೆ

ಗೋಡೆಗೆ ಮೊಳೆ ಹೊಡೆಯುವ ಮೊದಲು ಎರಡನ್ನೂ ಪಕ್ಕಪಕ್ಕ ಇಟ್ಟು ಕೆಡಿಸಿ ನೋಡಿ. ಮ್ಯಾಗ್ನೆಟ್ ಹತ್ತಿರ ಇಟ್ಟು ಶುರು ಮಾಡಿ, ಚುಕ್ಕಿ ನಡುವೆ ಇರಬೇಕು. ಮ್ಯಾಗ್ನೆಟ್ ಎತ್ತಿ, ಕೂಗಬೇಕು. ವಾಪಸ್ ಇಡಿ, ಕೂಗುತ್ತಲೇ ಇರಬೇಕು. ಎ ಒತ್ತಿ, ನಿಲ್ಲಬೇಕು. ಈಗ ಒಂದು ಮೊಸಳೆ ಕ್ಲಿಪ್ ಕಿತ್ತುಹಾಕಿ, ಕೂಗಬೇಕು. ಜೋಡಿಸಿ, ನಿಲ್ಲಿಸಿ. ಕೊನೆಗೆ ಬಾಗಿಲ ಬೋರ್ಡ್‌ನ ಸೆಲ್ ತೆಗೆದು 20 ಸೆಕೆಂಡ್ ಕಾಯಿರಿ. ಗುಣಿಸುವ ಗುರುತು ಬಂದು ದಪ್ಪ ದನಿ ಕೇಳಬೇಕು.

ಕ್ಲಿಪ್ ಕಿತ್ತರೂ ಕೂಗದಿದ್ದರೆ ‘ಸೆಟ್ ಪುಲ್’ ಸಾಲು ಬಿಟ್ಟುಹೋಗಿದೆ ಅಥವಾ ಅದರಲ್ಲಿ ಪಿ0 ಹಾಗೇ ಉಳಿದಿದೆ. ಮ್ಯಾಗ್ನೆಟ್ ಇಟ್ಟು ಎ ಒತ್ತಿದರೂ ಕೂಗುತ್ತಲೇ ಇದ್ದರೆ ಸೆನ್ಸರ್ ವೈರ್‌ನ ಸಿಪ್ಪೆ ಪೂರ್ತಿ ತೆಗೆದಿದ್ದೀರಾ ನೋಡಿ. ಗುಣಿಸುವ ಗುರುತು ಹೋಗುವುದೇ ಇಲ್ಲ ಅಂದರೆ ಗ್ರೂಪ್ ನಂಬರ್ ಎರಡರಲ್ಲೂ ಒಂದೇ ಇದೆಯಾ ನೋಡಿ.

ಸಿಗ್ನಲ್ ಎಲ್ಲಿವರೆಗೆ

ಬಯಲಿನಲ್ಲಿ, ಪವರ್ 7 ಇಟ್ಟರೆ, ಸುಮಾರು 70 ಮೀಟರ್‌ವರೆಗೆ ತಲುಪುತ್ತದೆ. ಮನೆ ಅಂದರೆ ಬಯಲಲ್ಲ. ಕಲ್ಲಿನ ಗೋಡೆ, ಕಾಂಕ್ರೀಟ್, ತಗಡಿನ ಮಾಡು, ನಡುವಿನ ತೋಟ ಎಲ್ಲ ಸೇರಿ ಅದನ್ನು ಅರ್ಧ ಕಾಲು ಮಾಡುತ್ತವೆ. ನೀರು ಈ ಅಲೆಗಳನ್ನು ಚೆನ್ನಾಗಿ ಹೀರುತ್ತದೆ. ಮಾರ್ಚ್‌ನಲ್ಲಿ ಸಲೀಸಾಗಿ ಬರುತ್ತಿದ್ದ ಸಿಗ್ನಲ್ ಜುಲೈಯಲ್ಲಿ, ಎಲೆಯೆಲ್ಲ ತೊಯ್ದಾಗ, ಕಷ್ಟಪಡಬಹುದು.

ಊಹೆ ಬೇಡ, ಅಳತೆ ಮಾಡಿ. ಮನೆಯ ಬೋರ್ಡ್‌ಗೆ ತಾತ್ಕಾಲಿಕವಾಗಿ ಒಂದು ಪುಟ್ಟ ಪ್ರೋಗ್ರಾಂ ಹಾಕಿ. ಗ್ರೂಪ್ 73. ಸಂದೇಶ ಬಂದಾಗ ‘ಶೋ ನಂಬರ್’ನಲ್ಲಿ ‘ರಿಸೀವ್ಡ್ ಪ್ಯಾಕೆಟ್ ಸಿಗ್ನಲ್ ಸ್ಟ್ರೆಂತ್’. ಬಾಗಿಲ ಬೋರ್ಡನ್ನು ಅದರ ಜಾಗದಲ್ಲಿ ಇಟ್ಟು, ಮನೆಯ ಬೋರ್ಡ್ ಹಿಡಿದು ಕೋಣೆ ಕೋಣೆ ಓಡಾಡಿ. ಅಂಕಿ ಮೈನಸ್‌ನಲ್ಲಿ ಬರುತ್ತದೆ. −42ರ ಹತ್ತಿರ ಇದ್ದರೆ ಬಲು ಗಟ್ಟಿ. −70 ಸುತ್ತಮುತ್ತ ಇದ್ದರೆ ನೆಮ್ಮದಿ. −85 ದಾಟಿದರೆ ಆ ಜಾಗ ಬಿಡಿ ಅನ್ನುತ್ತೇನೆ. ಇವತ್ತು ಬರಬಹುದು, ಮಳೆ ಬಂದ ದಿನ ಬರಲಾರದು. ಕಿಟಕಿಯ ಕಡೆಗೆ ಒಂದು ಮೀಟರ್ ಸರಿದರೂ ಹತ್ತು ಅಂಕ ಸುಧಾರಿಸುವುದು ಮಾಮೂಲು.

ಸಾಲದಿದ್ದರೆ ಬಾಗಿಲ ಬೋರ್ಡನ್ನು ಬಾಗಿಲಲ್ಲೇ ಇಡಬೇಕೆಂದಿಲ್ಲ. ಸೆನ್ಸರ್ ಬಾಗಿಲಲ್ಲಿರಲಿ, ನಾಲ್ಕೈದು ಮೀಟರ್ ತೆಳು ವೈರ್ ಎಳೆದು ಬೋರ್ಡನ್ನು ಮನೆಯ ಕಡೆಯ ಗೋಡೆಗೆ ತನ್ನಿ. ಇದಕ್ಕಿಂತ ಸುಲಭದ ಪರಿಹಾರ ಇಲ್ಲ. ಅಂಗಳದ ಮೇಲೆ ಉದ್ದುದ್ದ ವೈರ್ ಮಾತ್ರ ಎಳೆಯಬೇಡಿ, ಸಿಡಿಲಿನ ಕಾಲದಲ್ಲಿ ಬೋರ್ಡ್ ಉಳಿಯುವುದಿಲ್ಲ.

ಕೂರಿಸುವುದು

ಮ್ಯಾಗ್ನೆಟ್ ಇರುವ ತುಂಡು ಬಾಗಿಲಿಗೆ, ವೈರ್ ಇರುವ ತುಂಡು ಚೌಕಟ್ಟಿಗೆ. ಎರಡೂ ಒಳಬದಿಯಲ್ಲಿ. ಹೊರಗೆ ಹಾಕಿದರೆ ಯಾರಾದರೂ ಇನ್ನೊಂದು ಮ್ಯಾಗ್ನೆಟ್ ಅಂಟಿಸಿ ನಗುತ್ತಾ ಒಳಗೆ ಹೋಗಬಹುದು. ಬಾಗಿಲು ತಿರುಗುವ ಹಿಂಜಿನ ಕಡೆ ಹಾಕಬೇಡಿ, ಅಲ್ಲಿ ಬಾಗಿಲು ಅರ್ಧ ತೆರೆದರೂ ತುಂಡುಗಳು ಅಷ್ಟು ದೂರ ಸರಿಯುವುದಿಲ್ಲ. ಚಿಲಕದ ಕಡೆಯ ಮೇಲಿನ ಮೂಲೆ ಸರಿಯಾದ ಜಾಗ. ಬಾಗಿಲು ಹಾಕಿದಾಗ ಎರಡರ ನಡುವೆ ಒಂದು ಸೆಂಟಿಮೀಟರಿಗಿಂತ ಜಾಸ್ತಿ ಸಂದು ಇರದಂತೆ ನೋಡಿಕೊಳ್ಳಿ. ಮೊದಲು ಟೇಪ್ ಹಚ್ಚಿ ಎರಡು ದಿನ ನೋಡಿ, ಆಮೇಲೆ ಸ್ಕ್ರೂ. ಕಬ್ಬಿಣದ ಗೇಟಾದರೆ ಸೆನ್ಸರ್ ತುಂಡುಗಳ ಕೆಳಗೆ ಮರದ ಚಕ್ಕೆ ಕೊಡಿ. ಕಬ್ಬಿಣ ಮ್ಯಾಗ್ನೆಟ್‌ನ ಬಲವನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ, ಸೆನ್ಸರ್‌ಗೆ ಉಳಿಯುವುದು ಕಡಿಮೆ.

ಮೊಸಳೆ ಕ್ಲಿಪ್ ಪರೀಕ್ಷೆಗೆ ಸರಿ, ತಿಂಗಳುಗಟ್ಟಲೆ ಇಡಲು ಅಲ್ಲ. ಬೋರ್ಡ್‌ನ ತೂತಿನಲ್ಲಿ ಬೋಲ್ಟ್ ತೂರಿಸಿ, ವೈರ್‌ನ ತುದಿಯನ್ನು ಅದಕ್ಕೆ ಸುತ್ತಿ, ನಟ್ ಬಿಗಿ ಮಾಡಿ. ಬೋಲ್ಟ್‌ನ ತಲೆ ಪಕ್ಕದ ಸಣ್ಣ ಪಟ್ಟಿಗಳಿಗೆ ತಾಗದ ಹಾಗೆ ಸಣ್ಣ ಬೋಲ್ಟ್ ಆರಿಸಿ.

ಬೋರ್ಡನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಡಿ. ಬಿಸ್ಕತ್ತಿನ ತಗಡು ಡಬ್ಬಿ ಎಷ್ಟೇ ಚಂದ ಇದ್ದರೂ ಬೇಡ, ಲೋಹದೊಳಗಿಂದ ಸಿಗ್ನಲ್ ಹೊರಗೆ ಬರುವುದಿಲ್ಲ. ಆಂಟೆನಾ ಬೋರ್ಡ್‌ನ ಹಿಂಬದಿಯ ಮೇಲಿನ ಮೂಲೆಯಲ್ಲಿ ಅಚ್ಚಾಗಿದೆ. ಅದರ ಎದುರಿಗೆ ಸೆಲ್ ಹೋಲ್ಡರ್ ಅಡ್ಡ ಬರದಂತೆ ಇಡಿ. ವೈರ್‌ನ ತೂತು ಡಬ್ಬಿಯ ತಳದಲ್ಲಿರಲಿ. ವೈರ್ ಸ್ವಲ್ಪ ಕೆಳಗೆ ಜೋತುಬಿದ್ದು ಮತ್ತೆ ಮೇಲಕ್ಕೆ ಹೋಗಲಿ, ಆಗ ವೈರ್ ಮೇಲೆ ಹರಿದ ಮಳೆನೀರು ಅಲ್ಲೇ ತೊಟ್ಟಿಕ್ಕುತ್ತದೆ. ಉಳಿದ ಸಂದನ್ನು ಎಂ-ಸೀಲ್‌ನಿಂದ ಮುಚ್ಚಿ. ನೀರಿಗಿಂತ ಇರುವೆ ದೊಡ್ಡ ಶತ್ರು. ಬೆಚ್ಚಗಿನ ಡಬ್ಬಿ ಸಿಕ್ಕರೆ ಗೂಡು ಕಟ್ಟದೆ ಬಿಡವು.

ಸೆಲ್ಲಿನ ಲೆಕ್ಕ

ರೇಡಿಯೋ ಸದಾ ಆನ್ ಇರುವುದರಿಂದ ಸಣ್ಣ ಎಎಎ ಸೆಲ್ ಕೆಲವೇ ದಿನಕ್ಕೆ ಮುಗಿಯುತ್ತದೆ. ಎಎ ಅದರ ಎರಡು ಪಟ್ಟು ಬರುತ್ತದೆ. ನನ್ನ ಸಲಹೆ, ಹಳೆಯ ಟಾರ್ಚಿಗೆ ಹಾಕುತ್ತಿದ್ದ ದಪ್ಪ ಡಿ ಸೆಲ್. ಅದೂ 1.5 ವೋಲ್ಟ್, ಎರಡು ಸೇರಿದರೆ ಅದೇ 3 ವೋಲ್ಟ್, ಆದರೆ ವಾರಗಟ್ಟಲೆ ಬಾಳುತ್ತದೆ. 9 ವೋಲ್ಟ್‌ನ ಚೌಕದ ಬ್ಯಾಟರಿ ಯಾವತ್ತೂ ಹಾಕಬೇಡಿ. ಬ್ಯಾಟರಿ ಪ್ಲಗ್ಗಿಗೂ 3ವಿ ತೂತಿಗೂ 3 ವೋಲ್ಟ್ ಮಾತ್ರ.

ಮನೆಯ ಬೋರ್ಡನ್ನು ಮೊಬೈಲ್ ಚಾರ್ಜರ್‌ಗೆ ಸಿಕ್ಕಿಸುವ ಆಸೆ ಬರುತ್ತದೆ. ಫಾಸ್ಟ್ ಚಾರ್ಜರ್ ಮತ್ತು ಪವರ್ ಬ್ಯಾಂಕ್ ಬಳಸಬೇಡಿ ಎಂದು ಮೈಕ್ರೋಬಿಟ್ ಮಾಡುವವರೇ ಹೇಳಿದ್ದಾರೆ, ಬೋರ್ಡ್ ಹಾಳಾಗಬಹುದು. ಪವರ್ ಬ್ಯಾಂಕ್‌ಗೆ ಇನ್ನೊಂದು ಚಟ ಇದೆ. ಇಷ್ಟು ಕಡಿಮೆ ಕರೆಂಟ್ ಎಳೆದರೆ ಏನೂ ಸಿಕ್ಕಿಸಿಲ್ಲ ಅಂದುಕೊಂಡು ತಾನೇ ಆಫ್ ಆಗುತ್ತದೆ. ಇಲ್ಲೂ ಡಿ ಸೆಲ್ ಜೋಡಿಯೇ ವಾಸಿ.

ಬೋರ್ಡ್‌ನ ಸ್ಪೀಕರ್ ಅದೇ ಕೋಣೆಯಲ್ಲಿ ಮಲಗಿದವರಿಗೆ ಸಾಕು. ಫ್ಯಾನ್ ಜೋರಾಗಿ ತಿರುಗುತ್ತಿದ್ದರೆ, ಬಾಗಿಲು ಮುಚ್ಚಿದ್ದರೆ ಸಾಲದು. ಹಳೆಯ ಕಂಪ್ಯೂಟರ್ ಸ್ಪೀಕರ್ ಇದ್ದರೆ ತನ್ನಿ. ಅದರ ಆಕ್ಸ್ ಪಿನ್ನಿನ ತುದಿಗೆ ‘0’ ತೂತಿನಿಂದ ಒಂದು ಕ್ಲಿಪ್, ಬುಡದ ಉಂಗುರಕ್ಕೆ ‘ಜಿಎನ್‌ಡಿ’ಯಿಂದ ಒಂದು. ಪ್ರೋಗ್ರಾಂನಲ್ಲಿ ಏನೂ ಬದಲಿಸಬೇಕಿಲ್ಲ. ಹಳೆಯ ಮೈಕ್ರೋಬಿಟ್ ಮನೆಯೊಳಗೆ ಇಟ್ಟವರಿಗೂ ಇದೇ ದಾರಿ. ಆದರೆ ಕರೆಂಟ್ ಹೋದಾಗ ಆ ಸ್ಪೀಕರ್ ನಿಲ್ಲುತ್ತದೆ. ಆದ್ದರಿಂದ ಸೆಲ್‌ನಲ್ಲಿ ಓಡುವ ಪುಟ್ಟ ಸ್ಪೀಕರ್ ಇನ್ನೂ ಒಳ್ಳೆಯದು.

ಇದರ ಮಿತಿ, ಇದರ ಮುಂದಿನದು

ಮೈಕ್ರೋಬಿಟ್‌ನ ರೇಡಿಯೋ ಮಾತಿಗೆ ಬೀಗ ಇಲ್ಲ. ಅದೇ ಗ್ರೂಪಿನಲ್ಲಿ ಕುಳಿತ ಯಾವ ಬೋರ್ಡ್ ಬೇಕಾದರೂ ಕೇಳಬಹುದು, 730 ಅಂತ ಸುಳ್ಳು ಹೇಳಲೂಬಹುದು. 0, 1 ಬಿಟ್ಟು 730, 731 ಇಟ್ಟದ್ದು ಪಕ್ಕದ ಮನೆಯ ಮಗುವಿನ ಪ್ರಾಜೆಕ್ಟ್ ನಮ್ಮದಕ್ಕೆ ಅಡ್ಡ ಬರದಿರಲಿ ಅಂತ. ಇನ್ನೂ ಸ್ವಲ್ಪ ಬಿಗಿ ಮಾಡಬೇಕೆಂದರೆ ಬಾಗಿಲ ಬೋರ್ಡ್‌ನಲ್ಲಿ ‘ರೇಡಿಯೋ ಸೆಟ್ ಟ್ರಾನ್ಸ್‌ಮಿಟ್ ಸೀರಿಯಲ್ ನಂಬರ್ ಟ್ರೂ’ ಹಾಕಿ. ಮನೆಯಲ್ಲಿ ‘ರಿಸೀವ್ಡ್ ಪ್ಯಾಕೆಟ್ ಸೀರಿಯಲ್ ನಂಬರ್’ ನೋಡಿ ಆ ಒಂದು ಬೋರ್ಡ್‌ನ ಮಾತನ್ನಷ್ಟೇ ನಂಬುವಂತೆ ಮಾಡಬಹುದು. ಇಷ್ಟಾದರೂ ಇದು ಬೀಗಕ್ಕೆ ಜೊತೆ, ಬೀಗಕ್ಕೆ ಬದಲಿ ಅಲ್ಲ. ಒಡವೆ ಇಡುವ ಕೋಣೆಗೆ ಇದನ್ನೊಂದೇ ನಂಬಬೇಡಿ.

ಮನೆಯಲ್ಲಿ ಎಲ್ಲರಿಗೂ ಎ ಯಾವುದು, ಬಿ ಯಾವುದು ಗೊತ್ತಿರಬೇಕು. ಮಾಡಿದವರೊಬ್ಬರಿಗೇ ಗೊತ್ತಿದ್ದರೆ ಅವರು ಊರಲ್ಲಿಲ್ಲದ ದಿನ ಯಾರೋ ಸಿಟ್ಟಿನಿಂದ ಸೆಲ್ ಕಿತ್ತಿಡುತ್ತಾರೆ. ಸುಮ್ನೆ ಸುಮ್ನೆ ಕೂಗುವ ಅಲಾರಂ ಹೆಚ್ಚು ದಿನ ಬಾಳುವುದಿಲ್ಲ. ಸುಳ್ಳು ಕೂಗು ಬಂದರೆ ಅದೇ ದಿನ ಕಾರಣ ಹುಡುಕಿ. ಹೆಚ್ಚಾಗಿ ಸಂದು ದೊಡ್ಡದಾಗಿರುತ್ತದೆ ಅಥವಾ ಬೋಲ್ಟ್ ಸಡಿಲವಾಗಿರುತ್ತದೆ.

ಇನ್ನೊಂದು ಬಾಗಿಲು ಸೇರಿಸುವುದು ಸುಲಭ. ಮೂರನೆಯ ಬೋರ್ಡ್‌ಗೆ ಬಾಗಿಲ ಪ್ರೋಗ್ರಾಂ ಹಾಕಿ ನಂಬರ್‌ಗಳನ್ನು 740, 741 ಮಾಡಿ. ಮನೆಯ ಬೋರ್ಡ್‌ನಲ್ಲಿ ಅದಕ್ಕೆ ‘ಲಾಸ್ಟ್2’ ಎಂಬ ಇನ್ನೊಂದು ವೇರಿಯಬಲ್ ಬೇಕೇ ಬೇಕು. ಎರಡಕ್ಕೂ ಒಂದೇ ‘ಲಾಸ್ಟ್’ ಇಟ್ಟರೆ, ಒಂದು ಬೋರ್ಡ್ ಸತ್ತರೂ ಇನ್ನೊಂದರ ಸಂದೇಶ ಅದನ್ನು ಮುಚ್ಚಿಹಾಕುತ್ತದೆ. ನೀರಿನ ಟ್ಯಾಂಕಿಗೂ ಇದೇ ಪ್ರೋಗ್ರಾಂ ನಡೆಯುತ್ತದೆ. ಎಂಸಿ-38 ಬದಲು ಫ್ಲೋಟ್ ಸ್ವಿಚ್ ಜೋಡಿಸಿ. ಟ್ಯಾಂಕ್ ತುಂಬಿದಾಗ ಸರ್ಕ್ಯೂಟ್ ಬಿಡುವ ಹಾಗೆ ಫ್ಲೋಟ್ ಅನ್ನು ತಿರುಗಿಸಿ ಹಾಕಿದರೆ ಆಯಿತು, ಉಳಿದದ್ದು ಒಂದಕ್ಷರವೂ ಬದಲಾಗುವುದಿಲ್ಲ.